ಅಜ್ಜಿಯ ಕವಳಿ, ಅಜ್ಜಿಯ ಶಕಾರ

ಹಲ್ಲಿನ ಸೆಟ್ಟಿಗೆ ನಮ್ಮ ಮನೆಯಲ್ಲಿ ಕವಳಿ ಎನ್ನುತ್ತಾರೆ. ಮರಾಠಿ ಮಾತು, ಅಜ್ಜಿ ತವರಿನಿಂದ ತಂದದ್ದು. ಇಂಡಿ ಊರಿನ ನಮ್ಮ ಓಣಿಯಲ್ಲಿ ಉಳಿದವರು ‘ಕಟ್ಟಿಸಿದ ಹಲ್ಲು’ ಎನ್ನುತ್ತಾರೆ. ಈ ಎರಡನೇ ಮಾತಿನ ಮೇಲೆ ನನ್ನ ತಕರಾರಿದೆ. ಮನೆ ಕಟ್ಟಿಸಿದ, ಬಾವಿ ಕಟ್ಟಿಸಿದ ಎನ್ನುವ ಹಾಗೆ ಹಲ್ಲು ಕಟ್ಟಿಸಿದ ಎಂದರೆ ಕೇಳಿದವರು ಏನು ತಿಳಿಯಬೇಕು? ಒಮ್ಮೆ ಕಟ್ಟಿಸಿದರೆ ಮುಗಿಯಿತು, ಇನ್ನು ಸಾಯುವತನಕ ಚಿಂತೆಯಿಲ್ಲ ಎಂದಲ್ಲವೇ? ನಾವೂ ಹಾಗೆಯೇ ತಿಳಿದಿದ್ದೆವು. ಎರಡು ವರ್ಷ, ಮೂರು ಊರು, ಮೂರು ಸೆಟ್ಟು ಆದ ಮೇಲೆ ಹೇಳುತ್ತಿದ್ದೇನೆ: ಹಲ್ಲನ್ನು ಯಾರೂ ಕಟ್ಟಿಸುವುದಿಲ್ಲ, ಸಾಕುತ್ತಾರೆ. ಎಮ್ಮೆ ಸಾಕಿದ ಹಾಗೆ. ಅದೂ ಹಾಲು ಕೊಡದೆ ಒದೆಯುವ ಎಮ್ಮೆ.

ಅಜ್ಜಿಯ ವಿಷಯ ಮೊದಲು ಹೇಳಬೇಕು. ಅವಳು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಶಿಕ್ಷಕಿಗೆ ಬಾಯಾರು ಎನ್ನುತ್ತಾರೆ. ಊರಿನ ಅರ್ಧ ಜನಕ್ಕೆ ಅವಳು ಇವತ್ತಿಗೂ ಬಾಯಾರೇ. ನಮ್ಮ ನೆಲದ ನಾಲಿಗೆಗೆ ಶಕಾರದ ಮೇಲೆ ಅದೇನು ಸಿಟ್ಟೋ ಗೊತ್ತಿಲ್ಲ. ಶಾಲೆ ಸಾಲಿಯಾಗುತ್ತದೆ, ಶನಿವಾರ ಸನಿವಾರವಾಗುತ್ತದೆ, ಶುರು ಎಂಬುದು ಸುರು ಆಗಿಯೇ ಶುರುವಾಗುತ್ತದೆ. ಮನೆಮಾತಿನಲ್ಲಿ ಅಜ್ಜಿಯೂ ಸಾಲಿ ಎಂದೇ ಅನ್ನುವಳು, ಅದಕ್ಕೆ ಅವಳ ಅಡ್ಡಿಯಿರಲಿಲ್ಲ. ಆದರೆ ಓದುವಾಗ, ಭಾಷಣ ಮಾಡುವಾಗ, ದೇವರ ಮುಂದೆ ಕಥೆ ಹೇಳುವಾಗ ಸಕಾರ ನುಸುಳಿದರೆ ಅಲ್ಲಿಯೇ ತಡೆಯುವಳು.

“ಸುರು ಅಲ್ಲ, ಶುರು. ನಾಲಿಗಿ ಹಿಂದಕ್ಕ ತಗಿ. ಶಕಾರ ಹುಟ್ಟೂದು ಅಂಗಳದಾಗಲ್ಲ, ಅಂಗುಳದಾಗ.”

ನಾನು ಚರ್ಚಾಸ್ಪರ್ಧೆಗಳಿಗೆ ಹೋಗುವವಳಾದದ್ದು ಅವಳಿಂದಲೇ. ಪಿಯುಸಿಯಲ್ಲಿದ್ದಾಗ ಮುದ್ದೇಬಿಹಾಳದಲ್ಲಿ ಒಂದು ಸ್ಪರ್ಧೆಯಿತ್ತು. ಇಂದಿನ ಬದುಕಿಗೆ ಆಚಾರಗಳು ಬೇಕೇ ಎಂಬುದು ವಿಷಯ. ನಾನು ಬೇಡ ಎಂಬ ಪಕ್ಷ. ಚೀಟಿ ಎತ್ತಿ ಬಂದ ಪಕ್ಷವೇನಲ್ಲ, ಕೇಳಿ ಪಡೆದದ್ದು. ನನ್ನ ಭಾಷಣದ ಮುಕುಟಮಣಿ ಒಂದು ವಾಕ್ಯವಾಗಿತ್ತು: “ಮಡಿ ಎಂದರೆ ಶುಚಿತ್ವದ ವೇಷ ತೊಟ್ಟ ಶಂಕೆ.” ಈ ವಾಕ್ಯವನ್ನು ನಾನು ಅಭ್ಯಾಸ ಮಾಡಿದ್ದು ಎಲ್ಲಿ ಅಂದುಕೊಂಡಿರಿ? ನಮ್ಮ ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು. ಒಳಗೆ ಅಜ್ಜಿ ಮಡಿಯಲ್ಲಿದ್ದಳು. ಬೆಳಿಗ್ಗೆ ಸ್ನಾನ ಮಾಡಿ, ಯಾರ ಕೈಗೂ ಎಟುಕದ ಹಾಗೆ ಎತ್ತರದ ಗಳದ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟರೆ, ಪೂಜೆ ನೈವೇದ್ಯ ಮುಗಿಯುವತನಕ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಅವಳೂ ಏನನ್ನೂ ಮುಟ್ಟುವ ಹಾಗಿಲ್ಲ. ಆ ಮಡಿಯನ್ನೇ ನಾನು ಹೊಸ್ತಿಲಲ್ಲಿ ನಿಂತು ಹತ್ತು ಸಲ ಬೈದೆ. ಅವಳು ಒಲೆಯ ಮುಂದಿನಿಂದ ಹತ್ತು ಸಲವೂ ತಿದ್ದಿದಳು.

“ಶುಚಿತ್ವ ಸರಿ ಬಂತು. ಶಂಕೆ ಇನ್ನೂ ಸಂಕೆ ಆಗ್ಲಿಕ್ಕತ್ತದ. ಮತ್ತೊಮ್ಮೆ ಅನ್ನು.”

ಬಹುಮಾನ ಬಂತು. ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು: “ಶಂಕೆ ಸರಿ ಅಂದ್ಯಾ?”

ಅವಳ ಕೊನೆಯ ಹಲ್ಲುಗಳನ್ನು ಕೀಳಿಸಿದ್ದು ಎರಡು ವರ್ಷಗಳ ಹಿಂದೆ. ವಸಡು ಹಾಳಾಗಿ ಒಂದೊಂದಾಗಿ ಅಲುಗಾಡಿದವು. ಇಂಡಿಯ ದಂತವೈದ್ಯರು ಎಲ್ಲವನ್ನೂ ತೆಗೆದು, ಗಾಯ ಮಾಗಲಿ ಎಂದು ತಿಂಗಳುಗಟ್ಟಲೆ ಕಾಯಿಸಿ, ಮೇಲೊಂದು ಕೆಳಗೊಂದು ಸೆಟ್ಟು ಮಾಡಿಕೊಟ್ಟರು. ಹಾಕಿಕೊಂಡ ದಿನ ಅಜ್ಜಿ ಕನ್ನಡಿಯ ಮುಂದೆ ನಿಂತು ಶಂಖ, ಶಾಲೆ, ಷಷ್ಠಿ ಎಂದಳು. ಮೂರೂ ಸರಿಯಾಗಿ ಬಂದವು. ಅಕ್ಷರಮಾಲೆ ವಾಪಸು ಬಂತು ಅಂದುಕೊಂಡೆವು.

ಹದಿನೈದು ದಿನ ಕಳೆದಿರಲಿಕ್ಕಿಲ್ಲ, ಹಲ್ಲು ಕೂಡಿಸಿದ ಮೇಲಿನ ಹಲಗೆ ಸಡಿಲವಾಯಿತು. ಆಕಳಿಸಿದರೆ ಬಿತ್ತು. ಕೆಳಗಿನದಂತೂ ನಾಲಿಗೆ ಹೊರಳಿದಲ್ಲೆಲ್ಲ ಹರಿಗೋಲಿನ ಹಾಗೆ ತಾನೂ ಹೊರಳಿತು. ಜೋಳದ ರೊಟ್ಟಿಯ ಒಂದು ಚೂರು ಅದರ ಕೆಳಗೆ ಸಿಕ್ಕರೆ ಅಜ್ಜಿ ಗಾಜಿನ ಮೇಲೆ ಕಾಲಿಟ್ಟವಳಂತೆ ಮುಖ ಮಾಡುವಳು. ನಾನು ವಿಜಯಪುರದಲ್ಲಿ ಕಾನೂನು ಓದುತ್ತಿದ್ದೆ. ಪ್ರತಿ ಶನಿವಾರ ಬಂದು ಅವಳನ್ನು ಕರೆದುಕೊಂಡು ವೈದ್ಯರ ಮುಂದೆ ಕೂಡಿಸುವುದು, ಅವಳ ಪರವಾಗಿ ನಾನು ವಾದಿಸುವುದು, ಅವರು ಎಲ್ಲಿ ಒತ್ತುತ್ತದೋ ಅಲ್ಲಿ ಉಜ್ಜಿ ಕೊಡುವುದು. ಹೀಗೆ ನಾಲ್ಕು ಸಲ ನಡೆಯಿತು. ಅಂಟಿಸಿಕೊಳ್ಳಲು ಒಂದು ಪುಡಿಯನ್ನೂ ಕೊಟ್ಟರು. ಮೊದಲ ವಾರ ಚೆನ್ನಾಗಿ ಕೂತ ವಸ್ತು ಎರಡನೇ ವಾರಕ್ಕೆ ಏಕೆ ಕೂಡುವುದಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಅದು ಕೇಳಬೇಕಾದ ಒಂದೇ ಪ್ರಶ್ನೆಯಾಗಿತ್ತು. ಮಾಲು ಕೆಟ್ಟದ್ದು, ಅಳತೆ ತಪ್ಪಿದೆ, ಇಷ್ಟು ನನ್ನ ವಾದ. ಮೇಜು ಗುದ್ದುವುದರಲ್ಲಿ ನಾನು ಯಾವಾಗಲೂ ಮುಂದೆ.

ಕಳೆದ ವರ್ಷದ ಶ್ರಾವಣ ಬಂತು. ಶ್ರಾವಣದ ಶುಕ್ರವಾರಗಳಲ್ಲಿ ನಮ್ಮ ಮನೆಯಲ್ಲಿ ಲಕ್ಷ್ಮಿಯ ಮುಂದೆ ಕಥೆ ಹೇಳುವ ಪದ್ಧತಿ. ಓಣಿಯ ಹೆಂಗಸರು ಬಂದು ಕೂಡುತ್ತಾರೆ. ಎಲ್ಲರ ಮುಷ್ಟಿಯಲ್ಲೂ ನಾಲ್ಕು ಕಾಳು ಅಕ್ಷತೆ. ಕಥೆ ಮುಗಿದ ಮೇಲೆ ಅದನ್ನು ದೇವರಿಗೆ ಹಾಕುವುದು. ಹೇಳುವವಳು ಅಜ್ಜಿ, ನನಗೆ ಬುದ್ಧಿ ಬಂದಾಗಿನಿಂದಲೂ ಅವಳೇ. ನಾನು ನಂಬುವವಳಲ್ಲ, ಅಕ್ಷತೆ ಹಿಡಿಯುವವಳೂ ಅಲ್ಲ. ಆದರೆ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು ಪ್ರತಿ ವರ್ಷ ಕೇಳಿದ್ದೇನೆ, ಏಕೆಂದರೆ ಕಥೆ ಹೇಳುವಾಗ ಅವಳ ದನಿ ಬೇರೆ. ಬಡ ತಂಗಿಯ ಮನೆಗೆ ಶ್ರೀಮಂತ ಅಣ್ಣ ಬರುವ ಜಾಗದಲ್ಲಿ ಆ ದನಿಯ ಸೊಕ್ಕು ನೋಡಬೇಕು. ನಾನು ವೇದಿಕೆಯ ಮೇಲೆ ಮಾಡುವುದೆಲ್ಲ ಅದರ ನಕಲು.

ಆ ಶುಕ್ರವಾರ ಅವಳು “ಶ್ರಾವಣ ಶುಕ್ರವಾರದ ಶುಭಕಥೆ” ಎಂದು ಬಾಯಿ ತೆರೆದಳು. ಮೊದಲ ಶಕಾರ ಸೀಟಿ ಹೊಡೆಯಿತು. ಎರಡನೆಯದಕ್ಕೆ ಮೇಲಿನ ಹಲಗೆ ಟಕ್ಕೆಂದು ಕೆಳಗೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಸೆರಗಿನಲ್ಲಿ ನಕ್ಕರು. ಅಜ್ಜಿ ಬಾಯಿಗೆ ಅಂಗೈ ಅಡ್ಡ ಹಿಡಿದು, ಆ ಅಂಗೈಯ ಹಿಂದಿನಿಂದಲೇ ಇಡೀ ಕಥೆ ಮುಗಿಸಿದಳು. ಅರ್ಧ ಮಾತು ಯಾರಿಗೂ ಕೇಳಿಸಲಿಲ್ಲ. ಮುಂದಿನ ಶುಕ್ರವಾರದಿಂದ ಪಕ್ಕದ ಮನೆಯಾಕೆ ಹೇಳಿದಳು. ಅಜ್ಜಿ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಅವತ್ತಿನಿಂದ ನನ್ನನ್ನು ತಿದ್ದುವುದನ್ನೂ ಬಿಟ್ಟಳು. ನಾನು ಬೇಕೆಂದೇ ಸಂಕೆ ಅಂದೆ, ಸಾಸನ ಅಂದೆ. ಅವಳು ಸೊಪ್ಪು ಸೋಸುತ್ತಲೇ ಇದ್ದಳು.

ಚಳಿಗಾಲದಲ್ಲಿ ಸಿಂದಗಿಯ ಒಬ್ಬ ವೈದ್ಯರ ಹೆಸರನ್ನು ಯಾರೋ ಹೇಳಿದರು. ಹೋದೆವು. ಅವರು ತಾಳ್ಮೆಯ ಮನುಷ್ಯ. ಎರಡೆರಡು ಸಲ ಅಳತೆ ತೆಗೆದರು, ಬಿಳಿಯ ಗಾರೆಯಂಥ ಪುಡಿಯಲ್ಲಿ ಅಜ್ಜಿಯ ವಸಡಿನ ಅಚ್ಚು ಎರೆದರು, ಒಂದು ಹೆಚ್ಚಿನ ಪ್ರತಿಯನ್ನೂ ಎರೆದು ಕಪಾಟಿನಲ್ಲಿ ಇಟ್ಟುಕೊಂಡರು. ಹೊಸ ಸೆಟ್ಟು ಹಾಕಿದ ದಿನ ಮತ್ತೆ ಶಂಖ, ಶಾಲೆ, ಷಷ್ಠಿ. ಮತ್ತೆ ಮೂರೂ ಸರಿ. ಮತ್ತೆ ಎರಡನೇ ವಾರಕ್ಕೆ ಹರಿಗೋಲು.

ಈ ಸಲ ನಾನು ಸಿಂದಗಿಗೆ ತಯಾರಿ ಮಾಡಿಕೊಂಡೇ ಹೋದೆ. ಅವರು ಬಾಯಿ ತೆರೆಯುವ ಮೊದಲೇ ನಾನು ಮೂರು ಅಂಶ ಮಂಡಿಸಿ, ಅವರು ಕೊಡಬಹುದಾದ ಉತ್ತರವನ್ನೂ ನಾನೇ ಹೇಳಿ, ಅದನ್ನು ನಾನೇ ಖಂಡಿಸಿ ಮುಗಿಸಿದೆ. ಅವರು ಎರಡು ಸಲ “ಒಂದ ಮಾತು ಕೇಳ್ಲೇನ್ರಿ...” ಎಂದರು. ನಾನು ಬಿಡಲಿಲ್ಲ.

“ಅಳತಿ ತಪ್ಪಿಲ್ಲ ಅನ್ನೂದಾದ್ರ ಆ ಅಚ್ಚು ಕೊಡ್ರಿ. ಬೇರೆಯವರಿಗೆ ತೋರಸ್ತೀನಿ.”

ಅವರು ಅಚ್ಚನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. “ಒಯ್ರಿ ವಕೀಲರ. ಕೋರ್ಟಿಗೆ ಹಾಜರ ಮಾಡ್ರಿ.”

ಹೊರಗೆ ಬಂದಾಗ ಅಜ್ಜಿ ಹೇಳಿದಳು, “ಪಾಪ, ಆ ಮನುಸ್ಯಾಗ ಉಸರಾಡ್ಲಿಕ್ಕೂ ಬಿಡ್ಲಿಲ್ಲ ನೀ.” ಮನುಷ್ಯ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ನಾನು ಅದನ್ನೂ ಆ ವೈದ್ಯರ ಲೆಕ್ಕಕ್ಕೇ ಸೇರಿಸಿದೆ.

ಈ ವರ್ಷದ ಆಷಾಢದಲ್ಲಿ ಪಕ್ಕದ ಮನೆಯಾಕೆ ನಿಂಬೆಹಣ್ಣು ಕೊಡುವ ನೆಪದಿಂದ ಬಂದು ಕಟ್ಟೆಯ ಮೇಲೆ ಕೂತಳು. “ಬಾಯಾರ, ಈ ಸರ್ತಿ ಕತಿ ನೀವ ಹೇಳ್ಬೇಕ್ರಿ. ನಾ ಹೇಳಿದ್ರ ಲಕ್ಷ್ಮಿಗೆ ನಿದ್ದಿ ಬರ್ತೈತಿ.”

“ನಿದ್ದಿ ಬಂದ್ರ ಮನ್ಯಾಗ ಉಳೀತಾಳ ಬಿಡ. ನೀನ ಹೇಳು,” ಎಂದಳು ಅಜ್ಜಿ.

ಇಬ್ಬರೂ ನಕ್ಕರು. ಆಕೆ ಹೋದ ಮೇಲೆ ಅಜ್ಜಿ ಒಳಗೆ ಹೋದಳು. ನಾನು ನೀರು ಕುಡಿಯಲು ಹೋದಾಗ ದೇವರ ಕೋಣೆಯಿಂದ ಮೆಲ್ಲಗೆ ಕೇಳಿಸಿತು: “ಸ್ರಾವಣ... ಸ್ರಾ... ಸುಕ್ರ...” ಅವಳಿಗೆ ಕಥೆ ಬೇಕಾಗಿತ್ತು. ಉಣ್ಣಲು ಹಾಲಿನಲ್ಲಿ ನೆನೆಸಿದ ರೊಟ್ಟಿ ಸಾಕು ಎಂದು ಅವಳು ಯಾವಾಗಲೋ ಒಪ್ಪಿಕೊಂಡಿದ್ದಳು. ಕಥೆಯನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ, ಅಷ್ಟೇ ಅಲ್ಲ, ಒಪ್ಪಿಲ್ಲ ಎಂದು ಯಾರಿಗೂ ಹೇಳಿರಲೂ ಇಲ್ಲ.

ನನ್ನ ಗೆಳತಿಯೊಬ್ಬಳು ಬಸವನ ಬಾಗೇವಾಡಿಯವಳು. ಅಲ್ಲಿ ಹೊಸದಾಗಿ ಬಂದ ವೈದ್ಯೆಯೊಬ್ಬರ ಬಗ್ಗೆ ಹೇಳಿದಳು. ಅಜ್ಜಿ ಬರುವುದಿಲ್ಲವೆಂದಳು. ಇದೇ ಕೊನೆ ಎಂದು ಆಣೆ ಮಾಡಿ, ನಂಬಿಕೆಯಿಲ್ಲದ ಆಣೆ ಎಂದು ಅವಳಿಂದ ಬೈಸಿಕೊಂಡು, ವಿಜಯಪುರದಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿ ಆ ಅಚ್ಚನ್ನು ಇಟ್ಟುಕೊಂಡು ಹೋದೆವು.

ಬಾಗೇವಾಡಿಯ ವೈದ್ಯೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನಾನು ಪತ್ರಿಕೆ ಬಿಚ್ಚಿ ಅಚ್ಚನ್ನು ಮೇಜಿನ ಮೇಲಿಟ್ಟೆ. “ಇದು ಸಾಕ್ಷಿ,” ಎಂದೆ.

ಅವರು ಸಾಕ್ಷಿಯನ್ನು ತಿರುಗಿಸಿ ನೋಡಿ, ಅಜ್ಜಿಯ ಬಾಯಿಯೊಳಗೆ ಬೆರಳಾಡಿಸಿ ನೋಡಿ, ಮೇಲಿನ ಸೆಟ್ಟನ್ನು ತೊಳೆದು ಅಚ್ಚಿನ ಮೇಲೆ ಕೂಡಿಸಿದರು. ಬೆರಳಿನಿಂದ ಒಂದು ಬದಿ ಒತ್ತಿದರು. ಇನ್ನೊಂದು ಬದಿ ಎದ್ದಿತು. ಆ ಬದಿ ಒತ್ತಿದರೆ ಈ ಬದಿ. ಟಕ್, ಟಕ್.

“ನೋಡಿದ್ರಿಲ್ಲ?” ಎಂದೆ ನಾನು. “ಕೂಡೂದ ಇಲ್ಲ. ಅಳತಿ ತಪ್ಪು ಅಂತ ನಾ ಮೊದ್ಲಿಂದ...”

“ಒಂದ ನಿಮಿಷ ತಡೀರಿ. ಈ ಅಚ್ಚು ನಿಮ್ಮ ಅಜ್ಜಿಯವರ ಬಾಯಿಗೆ ಸರಿ ಐತಿ, ನಾ ನೋಡೇನಿ. ಇಂಥಾದ್ದ ಇನ್ನೊಂದು ಅಚ್ಚಿನ ಮ್ಯಾಲ ಈ ಸೆಟ್ಟು ತಯಾರಾಗೈತಿ. ತಯಾರಾದ ದಿನ ಇದರ ಮ್ಯಾಲ ಕೂತಿರಬೇಕಲ್ಲ?”

“ಹೌದು.”

“ಇವತ್ತ ಕೂಡವಲ್ಲದು. ಅಚ್ಚು ಕಲ್ಲಿನಂಥಾದ್ದು, ಅದೇನ ಬದಲಾಗೂದಿಲ್ಲ. ಬದಲಾಗಿದ್ದು ಯಾವುದು?”

ನನ್ನ ಸಾಕ್ಷಿ ನನ್ನ ಕಣ್ಣೆದುರಿಗೇ ಪಕ್ಷ ಬದಲಿಸಿತ್ತು. ವೈದ್ಯೆ ಸೆಟ್ಟನ್ನು ಬೆಳಕಿಗೆ ಹಿಡಿದರು. ಗುಲಾಬಿ ಬಣ್ಣದ ಹಲಗೆಯ ಅಂಚು ಅಲ್ಲಲ್ಲಿ ಬೆಳ್ಳಗೆ ಮಂಕಾಗಿತ್ತು.

“ಇದು ಸೊಟ್ಟಗಾಗೈತಿ. ಬಾಳ ಬಿಸಿ ನೀರು ಕಂಡೈತಿ. ಬಿಸಿ ನೀರಾಗ ತೊಳೀತೀರೇನ್ರಿ ಅಮ್ಮಾರ?”

“ಇಲ್ರಿ,” ಎಂದೆ ನಾನು. “ರಾತ್ರಿ ತೆಗೆದು ತಣ್ಣೀರಾಗ ಇಡ್ತಾಳ. ನಾನ ನೋಡೀನಿ.”

“ನಾ ನಿಮ್ಮನ್ನ ಕೇಳಿಲ್ರಿ. ನಿಮ್ಮ ಬಾಯಾಗ ಹಲ್ಲು ಬೇಕಾದಷ್ಟು ಅದಾವ.”

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಬಾಯಲ್ಲಿ ಸೆಟ್ಟಿರಲಿಲ್ಲವಾದ್ದರಿಂದ ಮಾತು ಮೆತ್ತಗೆ ಬಂತು. “ಕುದಿಯೋ ನೀರು. ದಿನಾ ಬೆಳಿಗ್ಗೆ ಒಂದು ತಂಬಿಗಿ. ಕತಿ ಇದ್ದ ದಿವಸ ಎರಡು.”

“ಯಾಕ್ರಿ?”

“ಮಡಿಗೆ ನಡೀಬೇಕಲ್ಲರೀ.”

ವೈದ್ಯೆ ನಗಲಿಲ್ಲ. ಅದು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ನಾನು ಅವರ ಜಾಗದಲ್ಲಿದ್ದರೆ ನಗುತ್ತಿದ್ದೆ. “ಹಂಗಂದ್ರ ಹ್ಯಾಂಗ್ರಿ, ನನಗ ಬಿಡಿಸಿ ಹೇಳ್ರಿ,” ಎಂದರು.

ಅಜ್ಜಿ ಬಾಯಾರ ದನಿಯಲ್ಲಿ ಬಿಡಿಸಿ ಹೇಳಿದಳು. ತಲೆಯ ಮೇಲಿನ ಕೂದಲು ಮಡಿಗೆ ನಡೆಯುತ್ತದೆ; ಉದುರಿದ ಕೂದಲು ಅನ್ನದಲ್ಲಿ ಬಿದ್ದರೆ ನಡೆಯುತ್ತದೆಯೇ? ಬಾಯೊಳಗೆ ಹುಟ್ಟಿದ ಹಲ್ಲಿಗೆ ಮಡಿ ಮೈಲಿಗೆ ಇಲ್ಲ. ಬಾಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗುವ ಹಲ್ಲು ಎಂಜಲು. ಎಂಜಲನ್ನು ಬಾಯಲ್ಲಿ ಇಟ್ಟುಕೊಂಡು ದೇವರಿಗೆ ಅಡಿಗೆ ಮಾಡುವುದು ಹೇಗೆ, ಕಥೆ ಹೇಳುವುದು ಹೇಗೆ? ಅದಕ್ಕೇ ಸ್ನಾನದ ಹಂಡೆಯಿಂದ ಕುದಿಯುವ ನೀರು ತೆಗೆದು ಹೊಯ್ದು, ಶುದ್ಧ ಮಾಡಿಕೊಂಡು ಹಾಕಿಕೊಳ್ಳುತ್ತಿದ್ದಳು. ಮೊದಲ ಸೆಟ್ಟು ಬಂದಾಗಿನಿಂದ. ಪ್ರತಿ ದಿನ. ಇಂಡಿಯ ಸೆಟ್ಟಿಗೂ, ಸಿಂದಗಿಯ ಸೆಟ್ಟಿಗೂ. ಮಡಿಯ ಹೊತ್ತಿನಲ್ಲಿ ಬಚ್ಚಲ ಕಡೆ ಮನೆಯ ಯಾರೂ ಸುಳಿಯುವುದಿಲ್ಲ. ಯಾರಿಗೆ ಗೊತ್ತಾಗಬೇಕು?

“ಇಷ್ಟು ದಿವಸ ನನಗ್ಯಾಕ ಹೇಳ್ಲಿಲ್ಲ?” ನನ್ನ ದನಿ ಏರಿತ್ತು.

ಅವಳು ನನ್ನ ಕಡೆ ನೋಡಲೂ ಇಲ್ಲ. “ಹೇಳಿದ್ರ ಭಾಸಣಾ ಮಾಡ್ತಿದ್ದಿ.”

ಹೌದು. ಮಾಡುತ್ತಿದ್ದೆ. ಹೊಸ್ತಿಲಲ್ಲಿ ನಿಂತು, ಅವಳೇ ಕಲಿಸಿದ ಉಚ್ಚಾರದಲ್ಲಿ.

ವೈದ್ಯೆ ಹೇಳಿದ್ದು ಇಷ್ಟು. ಸೊಟ್ಟಾದ ಹಲಗೆಯನ್ನು ನೆಟ್ಟಗೆ ಮಾಡಲು ಬರುವುದಿಲ್ಲ, ಹೊಸದೇ ಆಗಬೇಕು. ಅದಕ್ಕಿಂತ ಮೊದಲು ಹುಣ್ಣಾದ ವಸಡು ಮಾಗಬೇಕು, ಎರಡು ವಾರ ಸೆಟ್ಟನ್ನು ಬಾಯಿಗೇ ಹಾಕಬಾರದು. ಇನ್ನು ಮುಂದೆ ತಣ್ಣೀರು, ಮೆತ್ತನೆಯ ಬ್ರಷ್ಷು, ರಾತ್ರಿ ಬಾಯಿಗೆ ವಿಶ್ರಾಂತಿ. ಕುದಿಯುವ ನೀರು ಎಂದೂ ಕೂಡದು.

“ಮಡಿಗೆ?” ಎಂದು ಅಜ್ಜಿ ಕೇಳಿದಳು.

“ಅದು ನಿಮಗ ಬಿಟ್ಟದ್ದರಿ ಅಮ್ಮಾರ. ನಾ ಹಲ್ಲಿನಾಕಿ. ಹಲ್ಲು ಕುದಿಯೋ ನೀರಿಗೆ ಒಪ್ಪೂದಿಲ್ಲ, ಇಷ್ಟ ನನಗ ಗೊತ್ತು.”

ಬಸ್ಸಿನಲ್ಲಿ ನಾನು ಬಾಗೇವಾಡಿಯಿಂದ ವಿಜಯಪುರದತನಕ ವಾದಿಸಿದೆ. ಕ್ರಿಮಿ ಎಂದೆ, ಶುಚಿ ಎಂದೆ, ಸೋಪಿನ ನೀರಿಗಿಂತ ಶುದ್ಧ ಯಾವುದಿದೆ ಎಂದೆ, ದೇವರು ಇದ್ದರೆ ಅವನಿಗೆ ಹಲ್ಲಿನ ಲೆಕ್ಕ ಇಡಲು ಪುರಸೊತ್ತಿದೆಯೇ ಎಂದೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಅಜ್ಜಿ ಕಿಟಕಿಯಾಚೆ ದ್ರಾಕ್ಷಿಯ ತೋಟಗಳನ್ನು ನೋಡುತ್ತ ಕೂತಿದ್ದಳು. ನಾನು ದಣಿದು ಸುಮ್ಮನಾದ ಮೇಲೆ ಹೇಳಿದಳು:

“ಆತು, ನೀ ಗೆದ್ದಿ. ಕುದಿಯೋ ನೀರು ಹಾಕೂದಿಲ್ಲ. ಊಟಕ್ಕ ಮಾತ್ರ ಹಾಕ್ಕೋತೀನಿ. ಮಡ್ಯಾಗ ಹಾಕ್ಕೊಳ್ಳೂದಿಲ್ಲ.”

“ಮಡ್ಯಾಗ ಹಾಕ್ಕೊಳ್ಳದಿದ್ರ ಕತಿ ಹ್ಯಾಂಗ ಹೇಳ್ತಿ?”

“ಹೇಳೂದಿಲ್ಲ.”

ಹೀಗೆ ಗೆದ್ದು ಏನು ಮಾಡುವುದು? ಹಲ್ಲು ಉಳಿಯಿತು, ಕಥೆ ಹೋಯಿತು. ಸ್ಪರ್ಧೆಯಾಗಿದ್ದರೆ ಬಹುಮಾನದ ಕಪ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದೆ. ನಾನು ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿಂದಗಿಯ ವೈದ್ಯರಿಗೆ ಮಾತ್ರ ಫೋನು ಮಾಡಿದೆ. ಸೋತ ಮೇಲೆ ಎದುರು ಪಕ್ಷಕ್ಕೆ ಕೈ ಕೊಡುವುದು ನನಗೆ ಕಲಿಸಿದ ಪಾಠ. ವಿಷಯವೆಲ್ಲ ಕೇಳಿ ಅವರು ಅಂದದ್ದು ಇಷ್ಟು:

“ಬಿಸಿ ನೀರಿನ ಮಾತು ನಾ ಅವತ್ತ ಕೇಳಾವಿದ್ದೆ ನೋಡ್ರಿ. ನೀವು ಬಾಯಿ ತಗಿಯಾಕ ಬಿಟ್ಟಿದ್ರ.”

ವಸಡು ಮಾಗಿತು. ಅಳತೆಗೊಂದು ದಿನ, ಮೇಣದ ಗಟ್ಟಿ ಕಚ್ಚಿಸಿ ದವಡೆಯ ಎತ್ತರ ನೋಡಲು ಒಂದು ದಿನ ಎಂದು ಬಾಗೇವಾಡಿಯ ಬಸ್ಸುಗಳು ನಡೆದವು. ಎಷ್ಟು ಸಲ ಹೋದರೂ ವಿಜಯಪುರದಲ್ಲಿ ನಮ್ಮ ಬಸ್ಸು ಈಗಷ್ಟೇ ಹೋಗಿರುತ್ತಿತ್ತು. ಮಳೆಯೂ ಇಲ್ಲದ, ಬಿಸಿಲೂ ಇಲ್ಲದ, ಬೆವರು ಮಾತ್ರ ಇರುವ ಆಷಾಢ. ಅಜ್ಜಿ ಬೊಚ್ಚುಬಾಯಿಗೆ ಸೆರಗು ಹಿಡಿದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂಡುವಳು. ಯಾರಾದರೂ ಹಳೆಯ ವಿದ್ಯಾರ್ಥಿ “ಬಾಯಾರ, ಆರಾಮೇನ್ರಿ?” ಎಂದರೆ ಬರಿಯ ತಲೆ ಆಡಿಸುವಳು.

ಶ್ರಾವಣಕ್ಕೆ ವಾರವಿತ್ತು. ಅಜ್ಜಿ ಪೆಟ್ಟಿಗೆಯಿಂದ ರೇಷ್ಮೆ ಪತ್ತಲ ತೆಗೆದು ಮಡಿಯ ಗಳದ ಮೇಲೆ ಹಾಕಿದಳು. ನಮ್ಮ ಕಡೆ ಸೀರೆಗೆ ಪತ್ತಲ ಎನ್ನುತ್ತಾರೆ. ಹಬ್ಬದ ಮಡಿಗೆ ಅವಳು ಅದನ್ನೇ ಉಡುವುದು; ಅದನ್ನು ತೊಳೆದದ್ದನ್ನು ನಾನಂತೂ ನೋಡಿಲ್ಲ. ಕೋಲು ಹಿಡಿದು ಅದರ ಅಂಚು ಸರಿಮಾಡುತ್ತಿದ್ದವಳನ್ನು ನೋಡಿ ನನ್ನ ಇಷ್ಟು ದಿನದ ಸಿಟ್ಟು ಬಾಯಿಗೆ ಬಂತು. ಅವಳನ್ನು ಚುಚ್ಚಬೇಕೆಂದೇ ಅಂದೆ, ಸುಳ್ಳೇಕೆ ಹೇಳಲಿ.

“ಭಾರಿ ಅದ ನಿನ್ನ ಮಡಿ. ಹತ್ತಿ ಸೀರಿ ದಿನಾ ಹಿಂಡಬೇಕು. ಈ ರೇಷ್ಮಿ ಪತ್ತಲಕ್ಕ ವರ್ಷಗಟ್ಲೆ ನೀರ ಇಲ್ಲ, ಆದ್ರೂ ಅದು ಮಡಿ. ಅದಕ್ಕ ಯಾಕ ಕುದಿಯೋ ನೀರು ಹೊಯ್ಯೂದಿಲ್ಲ?”

“ರೇಸ್ಮಿಗೆ ಹೊಯ್ದ್ರ ಕೆಡ್ತದ ಹುಚ್ಚಿ.”

“ಹಲ್ಲಿಗೆ ಹೊಯ್ದ್ರ?”

ಚರ್ಚೆಯಲ್ಲಿ ಇದಕ್ಕೆ ಎದುರಾಳಿಯನ್ನು ಅವನ ಮಾತಿನಲ್ಲೇ ಕಟ್ಟಿಹಾಕುವುದು ಎನ್ನುತ್ತಾರೆ. ಕಟ್ಟಿಹಾಕಿದ ಮೇಲೆ ಎದುರಾಳಿ ಕೆಂಪಾಗಬೇಕು, ತಡವರಿಸಬೇಕು. ಅಜ್ಜಿ ಕೋಲನ್ನು ನೆಲಕ್ಕೂರಿ ನಿಂತಳು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಸರಿಯುತ್ತರ ಹೇಳಿದಾಗ ನೋಡುವ ಹಾಗೆ ನನ್ನನ್ನು ನೋಡಿದಳು.

“ಖರೇನ ಅದಲ,” ಎಂದಳು. “ನೀರಿಗೆ ಕೆಡೂ ವಸ್ತುಕ್ಕ ಹಿರ್ಯಾರು ಮಾಫಿ ಕೊಟ್ಟಾರ. ರೇಸ್ಮಿಗೆ ಅದ, ಕಂಬಳಿಗೆ ಅದ. ಕವಳಿ ಅವರ ಕಾಲಕ್ಕ ಇದ್ದಿಲ್ಲ. ಇದ್ದಿದ್ರ ಅದಕ್ಕೂ ಕೊಡ್ತಿದ್ರು.”

“ನಾ ಹೇಳಿದ್ದು ಅದಲ್ಲ! ನಾ ಹೇಳಿದ್ದು ಈ ಮಡಿಗೆ ಅರ್ಥ ಇಲ್ಲ ಅಂತ!”

“ನೀ ಏನರ ಹೇಳು. ತಣ್ಣೀರಾಗ ತೊಳದು, ತುಳಸಿ ನೀರು ಪ್ರೋಕ್ಸಣಿ ಮಾಡಿದ್ರ ಆತು. ರೇಸ್ಮಿ ಲೆಕ್ಕ.” ಪ್ರೋಕ್ಷಣೆಯ ಕ್ಷ ಬರಲಿಲ್ಲ, ಕೋಲಿನ ತುದಿಯಿಂದ ಗಾಳಿಯಲ್ಲಿ ನೀರು ಚಿಮುಕಿಸಿ ತೋರಿಸಿದಳು.

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮಡಿಯನ್ನು ಮುರಿಯಲು ಹೊಡೆದ ಏಟು ಅದಕ್ಕೆ ಇನ್ನೊಂದು ಕಲಮನ್ನು ಸೇರಿಸಿಕೊಟ್ಟಿತ್ತು. ಇವತ್ತಿಗೂ ಆ ಮಾತು ನೆನೆದರೆ ಸಿಟ್ಟು ಬರುತ್ತದೆ. ಬಸ್ಸಿನಲ್ಲಿ ನಾನು ಹೇಳಿದ ಒಂದು ನ್ಯಾಯವಾದ ಕಾರಣಕ್ಕೂ ಆಗದ ಕೆಲಸ ಈ ಕುಹಕದಿಂದ ಆಯಿತು.

ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು ನೋಡುವ ದಿನ ಅಜ್ಜಿ ವೈದ್ಯೆಯ ಕೈಗೆ ಸುಲಭವಾಗಿ ಸಿಗಲಿಲ್ಲ. ಶಂಖ ಎಂದಳು, ಶಶಿ ಎಂದಳು, ಬೇಡವೆಂದು ತಲೆಯಾಡಿಸಿದಳು. “ಮುಂದಿನ ಹಲ್ಲು ಒಂದೀಟು ಒಳಗ ತಗೋರಿ.” ವೈದ್ಯೆ ಮೇಣ ಮೆತ್ತಗೆ ಮಾಡಿ ಸರಿಸಿದರು. ಮತ್ತೆ ಶಂಖ. “ಇನ್ನೊಂದೀಟು.” ಹೀಗೆ ಮೂರು ಸಲ.

“ಬಾಯಾರ, ನನಗ ಸಾಲಿ ಕಲಸಾಕತ್ತೀರಿ ನೀವು,” ಎಂದರು ವೈದ್ಯೆ.

“ನಿಮಗ ಯಾರೂ ಶಕಾರ ಕಲಿಸಿಲ್ಲ ಅಂತ ಕಾಣ್ತದ. ಸಾಲಿ ಅಲ್ಲ, ಶಾಲೆ,” ಎಂದಳು ಅಜ್ಜಿ. ಮೇಣದ ಹಲ್ಲಿನಲ್ಲಿ ಅಂದದ್ದು. ಶಾಲೆ ಬಂತು.

ಮೊದಲ ಶುಕ್ರವಾರಕ್ಕೆ ಸೆಟ್ಟು ಮುಗಿಯಲಿಲ್ಲ. ಪಕ್ಕದ ಮನೆಯಾಕೆಯೇ ಕಥೆ ಹೇಳಿದಳು. ಲಕ್ಷ್ಮಿಯ ವಿಷಯ ಗೊತ್ತಿಲ್ಲ, ನನಗಂತೂ ನಿದ್ದೆ ಬಂತು. ಎರಡನೆಯದಕ್ಕೆ ಎರಡು ದಿನ ಮೊದಲು ಸೆಟ್ಟು ಕೈಗೆ ಬಂತು. ಗುರುವಾರ ಬಲಗಡೆಯ ಕೆಳವಸಡು ಕೆಂಪಾಯಿತು. ಫೋನು ಮಾಡಿದರೆ ವೈದ್ಯೆ, “ಹೊಸದು ಒತ್ತೂದ ಸಹಜರಿ. ಸೋಮವಾರ ಬರ್ರಿ. ಬರೋ ಮುಂಚಿನ ದಿನ ಹಾಕ್ಕೊಂಡ ಇರ್ರಿ, ಎಲ್ಲಿ ಕೆಂಪಾಗೈತಿ ಅಂತ ನೋಡಿ ಅಲ್ಲಷ್ಟ ಉಜ್ಜತೇನಿ. ಮನ್ಯಾಗ ನೀವ ಉಜ್ಜಾಕ ಹೋಗಬ್ಯಾಡ್ರಿ,” ಎಂದರು. ವರ್ಷಕ್ಕೊಮ್ಮೆ ತೋರಿಸಬೇಕು, ವಸಡು ಸವೆಯುತ್ತ ಹೋಗುತ್ತದೆ, ಸವೆದ ಹಾಗೆ ಸೆಟ್ಟಿನ ಒಳಗಡೆ ಹೊಸ ಅಸ್ತರು ಕೊಡಬೇಕಾಗುತ್ತದೆ ಎಂದೂ ಸೇರಿಸಿದರು. ಕಟ್ಟಿಸಿದ ಹಲ್ಲಂತೆ! ಆ ಮಾತನ್ನು ಹುಟ್ಟಿಸಿದವನು ನನ್ನ ಎದುರು ಪಕ್ಷದಲ್ಲಿ ನಿಲ್ಲಲಿ, ನೋಡಿಕೊಳ್ಳುತ್ತೇನೆ.

ಶುಕ್ರವಾರ ಸಂಜೆ ಹೆಂಗಸರು ಬಂದು ಕೂತರು. ಅಜ್ಜಿ ರೇಷ್ಮೆ ಪತ್ತಲದಲ್ಲಿ ಬಂದಳು. ಬಲಗಡೆ ಒತ್ತುತ್ತಿದೆ ಎಂಬುದು ಅವಳ ದವಡೆಯನ್ನು ನೋಡಿದರೆ ನನಗೆ ತಿಳಿಯುತ್ತಿತ್ತು. ನಾನು ಎಂದಿನಂತೆ ಬಾಗಿಲ ಪಕ್ಕ ಗೋಡೆಗೆ ಒರಗಿದ್ದೆ. ಎಲ್ಲರಿಗೂ ಅಕ್ಷತೆ ಹಂಚಿ ಆಯಿತು. ಅವಳು ಲಕ್ಷ್ಮಿಯ ಮುಂದೆ ಕೂತಳು. ಬಾಯಿ ತೆರೆಯಲಿಲ್ಲ.

ಅಷ್ಟು ಹೊತ್ತಿನಲ್ಲಿ ನನಗೆ ಕಳೆದ ವರ್ಷದ ಸೀಟಿ, ಟಕ್ಕೆಂಬ ಶಬ್ದ, ಅಡ್ಡ ಬಂದ ಅಂಗೈ ಎಲ್ಲ ಕೇಳಿಸಿದವು, ಕಾಣಿಸಿದವು. ಹೆದರಿದ್ದಾಳೆ ಅಂದುಕೊಂಡೆ. ಅವಳು ಬಾಗಿಲ ಕಡೆ ತಿರುಗಿದಳು.

“ವಕೀಲಬಾಯಿ, ನಿನ್ನ ಕೈಯಾಗ ಅಕ್ಷತಿ ಇಲ್ಲ.”

ಅಕ್ಷತಿ. ಕ್ಷ ಒಡೆಯದೆ, ಸೀಟಿ ಹೊಡೆಯದೆ ಬಂತು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತು, ಓಣಿಗೂ ಗೊತ್ತು. ಏಕೆ ಹಿಡಿಯುವುದಿಲ್ಲ ಎಂಬುದಕ್ಕೆ ನನ್ನ ಹತ್ತಿರ ನಾಲ್ಕು ಕಾರಣಗಳಿವೆ, ನಾಲ್ಕೂ ಒಳ್ಳೆಯವು. ಆದರೆ ಅವಳು ಕಾಯುತ್ತ ಕೂತಿದ್ದಳು, ಬಲಗಡೆಯ ವಸಡು ಅವಳನ್ನು ಕಚ್ಚುತ್ತಿತ್ತು. ಪಕ್ಕದ ಮನೆಯಾಕೆ ತಟ್ಟೆಯನ್ನು ನನ್ನ ಕಡೆ ದಬ್ಬಿದಳು. ನಾಲ್ಕು ಕಾಳು ಎತ್ತಿಕೊಂಡೆ.

“ಹಿಡದೀನಿ ತಗೋ,” ಎಂದೆ. “ಇನ್ನರ ಸುರು ಮಾಡು.”

ಅಜ್ಜಿ ಕಣ್ಣು ಕಿರಿದು ಮಾಡಿ, ಇಡೀ ಓಣಿ ಕೇಳುವ ಹಾಗೆ, ಒಂದು ವರ್ಷದ ಬಾಕಿಯನ್ನೆಲ್ಲ ಆ ಒಂದು ಅಕ್ಷರದ ಮೇಲೆ ಹಾಕಿ ಹೇಳಿದಳು:

“ಶುರು.”